ಕೆಂಪು ದೀಪ ಏನೆನ್ನುತ್ತದೆ?

1979ರ ಮಾರ್ಚ್ 28ರ ಬೆಳಗಿನ ಜಾವ, ನಾಲ್ಕು ಗಂಟೆಯ ಹೊತ್ತು. ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುದಾಗಾರದಲ್ಲಿ ನೀರು ಹಾಯಿಸುವ ಪಂಪುಗಳು ನಿಂತುಹೋದವು. ಸ್ಥಾವರದೊಳಗೆ ಒತ್ತಡವೇರಿತು, ಅದನ್ನು ತಗ್ಗಿಸಲು ಒಂದು ಕವಾಟ ತಾನಾಗಿ ತೆರೆದುಕೊಂಡಿತು. ಕೆಲಸ ಮುಗಿದೊಡನೆ ಅದು ಮುಚ್ಚಿಕೊಳ್ಳಬೇಕಾಗಿತ್ತು, ಮುಚ್ಚಿಕೊಳ್ಳಲಿಲ್ಲ. ಆದರೂ ಹಲಗೆಯ ಮೇಲಿನ ದೀಪ ಆರಿತು. ಆ ದೀಪ ಬಲ್ಲದ್ದು ಇಷ್ಟೇ: ಮುಚ್ಚೆಂಬ ಆಜ್ಞೆ ಹೋಗಿದೆ. ಆಜ್ಞೆ ನೆರವೇರಿತೋ ಇಲ್ಲವೋ ಅದಕ್ಕೆ ತಿಳಿಯದು. ಕವಾಟ ಮುಚ್ಚಿದೆಯೆಂದೇ ನಂಬಿ ಕುಳಿತವರ ಕಣ್ಣೆದುರಿನಲ್ಲೇ ಎರಡು ಗಂಟೆಗೂ ಮಿಕ್ಕಿ ತಂಪಿನ ನೀರು ಸೋರಿಹೋಗಿ, ಒಳಗಿನ ಇಂಧನಭಾಗದ ಸುಮಾರು ಅರ್ಧದಷ್ಟು ಕರಗಿತು. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಮೊಳಗಿದ್ದವು. ಅದರಲ್ಲಿ ಯಾವುದನ್ನು ಕೇಳುವುದು, ಯಾವುದನ್ನು ಬಿಡುವುದು?

ಈ ಪ್ರಕರಣವನ್ನು ವಿಚಾರಿಸಿದ ಆಯೋಗದ ಅಧ್ಯಕ್ಷರು ಜಾನ್ ಕೆಮೆನಿ. 1964ರಲ್ಲಿ ಥಾಮಸ್ ಕರ್ಟ್ಜ್ ಅವರೊಡನೆ ಬೇಸಿಕ್ ಎಂಬ ಸುಲಭ ಗಣಕಭಾಷೆಯನ್ನು ರಚಿಸಿದವರೂ ಇವರೇ. ಯಂತ್ರ ಮತ್ತು ಮನುಷ್ಯರ ನಡುವಣ ಮಾತುಕತೆಯನ್ನು ಪರೀಕ್ಷಿಸಲು ಇವರಿಗಿಂತ ತಕ್ಕವರು ಯಾರಿದ್ದರು!

ಹದಿನೈದು ವರ್ಷಗಳ ಮೇಲೆ, 1994ರ ಜುಲೈ 24ರಂದು, ವೇಲ್ಸ್ ನಾಡಿನ ಮಿಲ್‌ಫರ್ಡ್ ಹೇವನ್ ತೈಲ ಶುದ್ಧೀಕರಣಾಗಾರದಲ್ಲಿ ಅದೇ ಕಥೆ ಮರುಕಳಿಸಿತು. ಅಲ್ಲಿಯೂ ಒಂದು ಕವಾಟ ಮುಚ್ಚಿತ್ತು. ಪರದೆ ಅದನ್ನು ತೆರೆದಿದೆಯೆಂದು ತೋರಿಸುತ್ತಿತ್ತು. ಸ್ಫೋಟಕ್ಕೆ ಮುಂಚಿನ ಹನ್ನೊಂದು ನಿಮಿಷದೊಳಗೆ ಇಬ್ಬರು ನಿರ್ವಾಹಕರ ಮುಂದೆ ಬಂದ ಎಚ್ಚರಿಕೆಗಳು 275. ಗಾಯಗೊಂಡವರು 26 ಮಂದಿ.

ಇಂದು ಆ ಹಲಗೆ ಗೋಡೆಯನ್ನು ಬಿಟ್ಟು ಅಂಗೈಯ ಫೋನಿಗೆ ಇಳಿದಿದೆ. ಪಂಪು, ಟರ್ಬೈನು, ರೈಲು ಎಂಜಿನ್ನುಗಳಿಗೆಲ್ಲ ಸಂವೇದಕಗಳನ್ನು ಕೂಡಿಸಿ, ಅವುಗಳ ಶಾಖ, ಒತ್ತಡ, ಕಂಪನಗಳ ವರದಿಯನ್ನು ಅಂತರಜಾಲದ ಮೂಲಕ ದೂರದ ಪರದೆಗೆ ತರಿಸಿಕೊಳ್ಳುತ್ತಾರೆ. ಆದರೆ ಒಂದೇ ಸಂಸ್ಥೆಯಲ್ಲಿ ಹತ್ತು ತಂಡಗಳು ಹತ್ತು ಬಗೆಯ ಪರದೆಗಳನ್ನು ಬರೆದರೆ, ಅದನ್ನು ನೋಡಿ ನಡೆಯಬೇಕಾದ ಕೆಲಸಗಾರನ ಪಾಡೇನು?

ಬಣ್ಣವನ್ನೇ ತೆಗೆದುಕೊಳ್ಳಿ. ರಸ್ತೆಯಲ್ಲಿ ಕೆಂಪೆಂದರೆ ನಿಲ್ಲು. ವಿದ್ಯುತ್ ಉಪಕೇಂದ್ರದಲ್ಲಿ ಕೆಂಪು ದೀಪವೆಂದರೆ ಸ್ವಿಚ್ಚು ಹಾಕಿದೆ, ಪ್ರವಾಹವಿದೆ, ಮುಟ್ಟಬೇಡ, ಹಸುರೆಂದರೆ ಆರಿಸಿದೆ. ಅನೇಕ ರಾಸಾಯನಿಕ ಕಾರ್ಖಾನೆಗಳಲ್ಲಾದರೋ ಹಸುರೆಂದರೆ ಪಂಪು ಓಡುತ್ತಿದೆ! ಕೆಂಪು ಹಸುರುಗಳ ಭೇದವೇ ಕಾಣದ ಕಣ್ಣುಗಳೂ ಉಂಟು. ಆದ್ದರಿಂದಲೇ ಬಲ್ಲವರು ಬಣ್ಣವೊಂದನ್ನೇ ನೆಚ್ಚದೆ, ಅದರ ಜೊತೆಗೆ ಆಕಾರವನ್ನೂ ಅಕ್ಷರವನ್ನೂ ಕೂಡಿಸುತ್ತಾರೆ. 2015ರಲ್ಲಿ ಅಮೆರಿಕದಲ್ಲಿ ಹೊರಟ ಐಎಸ್‌ಎ 101 ಎಂಬ ಪ್ರಮಾಣಸೂತ್ರ ನಿಯಂತ್ರಣ ಪರದೆಗಳ ರಚನೆಗೇ ಮೀಸಲು. ಎಲ್ಲವೂ ಸರಿಯಿದ್ದಾಗ ಪರದೆ ಬೂದುಬಣ್ಣದ್ದಾಗಿರಲಿ, ಕೆಟ್ಟಾಗ ಮಾತ್ರ ಬಣ್ಣ ಹೊಮ್ಮಲಿ ಎಂಬುದು ಈ ಕ್ಷೇತ್ರದ ಪರಿಣತರಲ್ಲಿ ಬೇರೂರಿದ ಅಭಿಪ್ರಾಯ. ನೋಡಲು ನೀರಸ, ಆದರೆ ಜಾತ್ರೆಯಂತೆ ಮಿನುಗುವ ಪರದೆಗಳಿಗಿಂತ ಇದೇ ಮೇಲೆಂದು ನನಗೂ ಅನ್ನಿಸುತ್ತದೆ.

ಈ ಗೊಂದಲಕ್ಕೆ ಕಂಡುಕೊಂಡ ಮದ್ದೇ ಸಮಾನ ವಿನ್ಯಾಸ ಪದ್ಧತಿ. ಗುಂಡಿ, ಕೋಷ್ಟಕ, ನಕ್ಷೆ, ಎಚ್ಚರಿಕೆಯ ಪಟ್ಟಿ ಮೊದಲಾದುವನ್ನು ಒಮ್ಮೆ ಚೆನ್ನಾಗಿ ಮಾಡಿಟ್ಟು ಎಲ್ಲ ತಂಡಗಳೂ ಅವನ್ನೇ ಬಳಸುವುದು. ಬಣ್ಣಕ್ಕೂ ಕೆಲಸಕ್ಕೆ ತಕ್ಕ ಹೆಸರು: ಅಪಾಯದ ಬಣ್ಣ, ವಿಶ್ರಾಂತಿಯ ಬಣ್ಣ. ಮೂಲದಲ್ಲಿ ಒಂದೆಡೆ ತಿದ್ದಿದರೆ, ಆ ತಿದ್ದುಪಡಿಯನ್ನು ತೆಗೆದುಕೊಂಡ ಪರದೆಗಳೆಲ್ಲ ಬದಲಾಗುತ್ತವೆ. 2011ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ರಮೋನ್‌ನಲ್ಲಿ ತಂತ್ರಾಂಶ ಕೇಂದ್ರ ತೆರೆದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ಇಂಥದೊಂದನ್ನು ಕಟ್ಟಿತು. ಜರ್ಮನಿಯ ಸೀಮೆನ್ಸ್ ತನ್ನ 'ಐಎಕ್ಸ್' ಪದ್ಧತಿಯ ಮೂಲಸಂಕೇತವನ್ನು ಯಾರು ಬೇಕಾದರೂ ಬಳಸುವಂತೆ ಬಿಚ್ಚಿಟ್ಟಿದೆ.

ಗುಂಡಿಯ ಅಂದಚೆಂದ ಇಲ್ಲಿ ಸಣ್ಣ ಮಾತು. ಕೈಗವಸು ತೊಟ್ಟ ಬೆರಳಿಗೂ ಅದು ಸಿಗಬೇಕು, ಸುಡುಬಿಸಿಲಿನಲ್ಲೂ ಕಾಣಬೇಕು. ಅದಕ್ಕೂ ಕಠಿಣವಾದದ್ದು ಮೌನದ ಪ್ರಶ್ನೆ. ದೂರದ ಪಂಪಿನ ಸಂಪರ್ಕ ಕಡಿದರೆ ಪರದೆ ಏನು ತೋರಬೇಕು? ಸೊನ್ನೆ ತೋರಿದರೆ ಪಂಪು ನಿಂತಿದೆಯೆಂದು ಭ್ರಮೆ; ಹಳೆಯ ಅಂಕಿಯನ್ನೇ ತೋರಿದರೆ ಓಡುತ್ತಿದೆಯೆಂದು ಭ್ರಮೆ. ಒಳ್ಳೆಯ ಪದ್ಧತಿ ಹಳೆಯ ಅಂಕಿಯನ್ನು ಮಂಕಾಗಿಸಿ, ಅದು ಎಷ್ಟು ಹೊತ್ತಿನ ಹಿಂದಿನದೆಂದು ಬರೆಯುತ್ತದೆ. ಕವಾಟದ ಗುಂಡಿಯನ್ನು ಒತ್ತಿದರೆ ಮೊದಲು 'ಆಜ್ಞೆ ಹೋಗಿದೆ', ಆಮೇಲೆ 'ಉತ್ತರಕ್ಕೆ ಕಾಯುತ್ತಿದೆ'; ಕವಾಟದ ಬಾಯಲ್ಲೇ ಕೂತ ಸಂವೇದಕ ಹೌದೆಂದ ಬಳಿಕವೇ 'ಮುಚ್ಚಿದೆ'.