ಮೊದಲ ನಾಲ್ಕು ಮೀಟರ್

ಪುಣೆಯ ಶಿವಾಜಿನಗರದಿಂದ ಗಣೇಶಖಿಂಡ್ ರಸ್ತೆ ಹಿಡಿದು ಹೋದರೆ ವಿದ್ಯಾಪೀಠ ಸಿಗುತ್ತದೆ. ಅಲ್ಲಿನ ಭೌತಶಾಸ್ತ್ರ ವಿಭಾಗದ ರೇಸ್‌ಟ್ರ್ಯಾಕ್ ಮೈಕ್ರೋಟ್ರಾನ್ ಒಂದು ಎಲೆಕ್ಟ್ರಾನ್ ವೇಗವರ್ಧಕ. ಅದರಿಂದ ಹೊಮ್ಮಿದ 6 ಎಂಇವಿ, ಅಂದರೆ 60 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಣಗಳು ಎಷ್ಟೋ ಸಂಶೋಧನೆಗಳಿಗೆ ಒದಗಿವೆ. ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಆವರಣದಲ್ಲೂ 8 ಎಂಇವಿಯ ಮೈಕ್ರೋಟ್ರಾನ್ ಇದೆ. ಎರಡೂ ಒಂದು ವಿಶ್ವವಿದ್ಯಾಲಯ ನಿಭಾಯಿಸಬಲ್ಲ ಯಂತ್ರಗಳು. ಎಲೆಕ್ಟ್ರಾನ್ ಬದಲು ಪ್ರೋಟಾನನ್ನು, ಅದೂ ದಟ್ಟವಾದ ಪುಂಜವಾಗಿ ಓಡಿಸಲು ಹೊರಟವರು ಮಾತ್ರ ದಶಕಗಟ್ಟಲೆ ತಿಣುಕಿದರು.

ಕಾರಣ ತೂಕ. ಪ್ರೋಟಾನ್ ಎಲೆಕ್ಟ್ರಾನ್‌ಗಿಂತ 1836 ಪಟ್ಟು ಭಾರ. ಒಂದು ಎಂಇವಿ ಕೊಟ್ಟರೆ ಸಾಕು, ಎಲೆಕ್ಟ್ರಾನ್ ಬೆಳಕಿನ ವೇಗದ ಶೇ. 94ನ್ನು ಮುಟ್ಟುತ್ತದೆ. ಪ್ರೋಟಾನ್‌ಗೆ 3 ಎಂಇವಿ ಕೊಟ್ಟರೂ ಅದು ಬೆಳಕಿನ ವೇಗದ ಶೇ. 8ನ್ನು ದಾಟುವುದಿಲ್ಲ. ನಿಧಾನವಾಗಿ ಸಾಗುವಾಗಲೇ ಅಪಾಯ ಹೆಚ್ಚು. ಎಲ್ಲವೂ ಧನ ವಿದ್ಯುದಾವೇಶದ ಕಣಗಳು, ಒಂದನ್ನೊಂದು ದೂಡುತ್ತವೆ. ಹಿಡಿದಿಡದಿದ್ದರೆ ಪುಂಜ ಕ್ಷಣದಲ್ಲಿ ಚೆದುರಿ ಕೊಳವೆಯ ಗೋಡೆಗೆ ಬಡಿಯುತ್ತದೆ. ಪುಂಜ ದಟ್ಟವಾದಷ್ಟೂ ಈ ದೂಡಾಟ ಜೋರು.

ಅಯಸ್ಕಾಂತಗಳಿಂದ ಹಿಡಿದಿಡಬಹುದಲ್ಲ ಎಂದರೆ, ಅಲ್ಲೇ ತೊಡಕು. ಅಯಸ್ಕಾಂತದ ಬಲ ಕಣದ ವೇಗವನ್ನು ಅವಲಂಬಿಸಿದೆ. ಕಣ ನಿಧಾನವಾದರೆ ಹಿಡಿತವೂ ಸಡಿಲ. ಹಾಗಾಗಿ ಹಳಬರು ಮೊದಲ ಹೆಜ್ಜೆಯನ್ನು ಬರೀ ವೋಲ್ಟೇಜಿನಿಂದ ದಾಟಿಸುತ್ತಿದ್ದರು. ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ 1932ರಲ್ಲಿ ಬಳಸಿ ಹೆಸರಾದ ಮಾದರಿಯ ಜನರೇಟರ್‌ಗಳು 7.5 ಲಕ್ಷ ವೋಲ್ಟ್ ಹೊತ್ತು, ದೊಡ್ಡ ಹಜಾರ ತುಂಬಿ ನಿಂತಿರುತ್ತಿದ್ದವು. ಅಷ್ಟಾದ ಮೇಲೂ ಪುಂಜವನ್ನು ಬಿಡಿ ಬಿಡಿ ಗುಂಪುಗಳಾಗಿ ಕತ್ತರಿಸುವಾಗ ಗಣನೀಯ ಪಾಲು ಕಣಗಳು ಕೈತಪ್ಪುತ್ತಿದ್ದವು.

ದಾರಿ ಕಂಡದ್ದು ಸೋವಿಯತ್ ಒಕ್ಕೂಟದಲ್ಲಿ, ಇಲ್ಯಾ ಕಾಪ್‌ಚಿನ್‌ಸ್ಕಿ ಮತ್ತು ವ್ಲಾದಿಮಿರ್ ತೆಪ್ಲ್ಯಾಕೊವ್ ಅವರಿಗೆ. ವಿದ್ಯುತ್ ಕ್ಷೇತ್ರದ ಬಲಕ್ಕೆ ಕಣದ ವೇಗದ ಹಂಗಿಲ್ಲ. ಹಾಗಿದ್ದರೆ ಕಣವನ್ನು ಮುಂದಕ್ಕೆ ತಳ್ಳುವ ರೇಡಿಯೋ ಕಂಪನಾಂಕದ ಕ್ಷೇತ್ರದಿಂದಲೇ ಅದನ್ನು ಹಿಡಿದಿಡುವ ಕೆಲಸವನ್ನೂ ಏಕೆ ಮಾಡಿಸಬಾರದು? ನಾಲ್ಕು ವಿದ್ಯುದ್ವಾರಗಳನ್ನು ಪುಂಜದ ನಾಲ್ಕು ಬದಿಗೆ ನಿಲ್ಲಿಸಿ. ಎದುರುಬದುರಿನ ಜೋಡಿಗೆ ಒಂದೇ ಧ್ರುವ, ಪಕ್ಕದ ಜೋಡಿಗೆ ವಿರುದ್ಧ ಧ್ರುವ. ಕ್ಷೇತ್ರ ಪುಂಜವನ್ನು ಒಂದು ದಿಕ್ಕಿನಿಂದ ಒತ್ತಿದರೆ ಇನ್ನೊಂದು ದಿಕ್ಕಿಗೆ ಅದು ಉಬ್ಬುತ್ತದೆ, ಅಂಗೈಗಳ ನಡುವೆ ಒತ್ತಿದ ಕಣಕದ ಉಂಡೆಯಂತೆ. ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ಧ್ರುವ ಬದಲಾದರೆ ಎರಡೂ ದಿಕ್ಕಿನ ಒತ್ತು ಸೇರಿ ಪುಂಜ ಅಂಕೆಯಲ್ಲಿ ಉಳಿಯುತ್ತದೆ.

ಇಷ್ಟಾದರೆ ಹಿಡಿತ ಸಿಕ್ಕಿತು, ಓಟ ಸಿಗಲಿಲ್ಲ. ಇಬ್ಬರ ಪ್ರತಿಭೆ ನನಗೆ ಬೆರಗು ಹುಟ್ಟಿಸುವುದು ಮುಂದಿನ ಹೆಜ್ಜೆಯಲ್ಲಿ. ವಿದ್ಯುದ್ವಾರಗಳ ಅಂಚು ನೇರವಾಗಿರುವುದು ಬೇಡ, ಅಲೆಅಲೆಯಾಗಿರಲಿ ಎಂದರು. ಒಂದು ಜೋಡಿಯ ಉಬ್ಬು ಇರುವಲ್ಲಿ ಪಕ್ಕದ ಜೋಡಿಯ ತಗ್ಗು ಬರಬೇಕು. ಆಗ ಕ್ಷೇತ್ರದ ಒಂದು ಪಾಲು ಕೊಳವೆಯ ಉದ್ದಕ್ಕೆ ತಿರುಗಿ ಕಣವನ್ನು ಮುಂದಕ್ಕೆ ನೂಕುತ್ತದೆ. ಶುರುವಿನಲ್ಲಿ ಅಲೆ ತೀರಾ ಸಣ್ಣದು; ಪುಂಜ ಮೆಲ್ಲಮೆಲ್ಲನೆ ಗುಂಪುಗೂಡಲು ಸಮಯ ಸಿಗುತ್ತದೆ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಣಗಳನ್ನು ಉಳಿಸಿಕೊಳ್ಳಬಹುದು. ಇದೇ ರೇಡಿಯೋ ಫ್ರೀಕ್ವೆನ್ಸಿ ಕ್ವಾಡ್ರುಪೋಲ್, ಚಿಕ್ಕದಾಗಿ ಆರ್‌ಎಫ್‌ಕ್ಯು. 1970ರಲ್ಲಿ ರಷ್ಯನ್ ಭಾಷೆಯ ಪತ್ರಿಕೆಯಲ್ಲಿ ಪ್ರಬಂಧ ಅಚ್ಚಾಯಿತು. 1974ರಲ್ಲಿ ಮಾಸ್ಕೋದ ದಕ್ಷಿಣಕ್ಕಿರುವ ಪ್ರೋತ್ವಿನೋದಲ್ಲಿ ಯಂತ್ರವೂ ಓಡಿತು.

ಪಶ್ಚಿಮದವರು ಇದನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯಕ್ಕೆ ಆಗ 100 ಮಿಲಿಆಂಪಿಯರ್ ಡ್ಯೂಟೆರಾನ್ (ಭಾರ ಜಲಜನಕದ ನ್ಯೂಕ್ಲಿಯಸ್) ಪುಂಜ ಬೇಕಾಗಿತ್ತು, ಹಳೆಯ ದಾರಿಯಲ್ಲಿ ಅದು ಕಷ್ಟವಿತ್ತು. ಅವರು ವಿನ್ಯಾಸಕ್ಕೆ ಕಂಪ್ಯೂಟರ್ ಪ್ರೋಗ್ರಾಂ ಬರೆದರು, ಅಲೆಯಂಚನ್ನು ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಕಡೆಸಿದರು. 1980ರ ಫೆಬ್ರವರಿಯಲ್ಲಿ ಕೇವಲ 1.1 ಮೀಟರ್ ಉದ್ದದ ತಾಮ್ರದ ಸಾಧನ ಪ್ರೋಟಾನ್‌ಗಳನ್ನು 100ರಿಂದ 640 ಕೆಇವಿಗೆ (ಕೆಇವಿ ಎಂದರೆ ಸಾವಿರ ಎಲೆಕ್ಟ್ರಾನ್ ವೋಲ್ಟ್) ಏರಿಸಿತು. ಅಲ್ಲಿಂದ ಹಜಾರ ತುಂಬುವ ಜನರೇಟರ್‌ಗಳ ಕಾಲ ಮುಗಿಯುತ್ತ ಬಂತು. ಸರ್ನ್ 1993ರಲ್ಲಿ, ಫರ್ಮಿಲ್ಯಾಬ್ 2012ರಲ್ಲಿ ಅವುಗಳ ಜಾಗಕ್ಕೆ ಆರ್‌ಎಫ್‌ಕ್ಯು ತಂದವು.

ನಮ್ಮ ದೇಶದಲ್ಲಿ ಈ ಕೆಲಸ ನಡೆದ ಒಂದು ಜಾಗ ಮುಂಬೈನ ಟ್ರಾಂಬೆ. ಅದಕ್ಕೆ ಹಿಂದೆ, ತಿಪಟೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣನವರ ನಾಯಕತ್ವದ ದಿನಗಳಲ್ಲಿ, ಕೋಲ್ಕತ್ತದ ಸೈಕ್ಲೋಟ್ರಾನ್ 1977ರಲ್ಲಿ ಮೊದಲ ಪುಂಜ ಕೊಟ್ಟಿತ್ತು. ಟ್ರಾಂಬೆಯ ಪ್ರೋಟಾನ್ ವೇಗವರ್ಧಕ ಲೆಹಿಪಾದ ಗುರಿ ಬೇರೆ: ಕಡಿಮೆ ಶಕ್ತಿಯ, ಆದರೆ ದಟ್ಟವಾದ ಪ್ರೋಟಾನ್ ಪುಂಜ. ಅಯಾನು ಮೂಲದಿಂದ 50 ಕೆಇವಿಯಲ್ಲಿ ಹೊರಟ ಪ್ರೋಟಾನ್‌ಗಳು ಸುಮಾರು 4 ಮೀಟರ್ ಉದ್ದದ ಆರ್‌ಎಫ್‌ಕ್ಯುನಲ್ಲಿ 3 ಎಂಇವಿಗೆ ಏರುತ್ತವೆ. ಕಂಪನಾಂಕ 350 ಮೆಗಾಹರ್ಟ್ಸ್ ಆಸುಪಾಸಿನದು; ಲೆಕ್ಕ ಹಾಕಿದರೆ ತಾಮ್ರದಂಚಿನ ಅಲೆಯ ಉದ್ದ ಹೊಕ್ಕುವಲ್ಲಿ 9 ಮಿಲಿಮೀಟರ್‌ನಷ್ಟು, ಹೊರಬೀಳುವಲ್ಲಿ ಸುಮಾರು 7 ಸೆಂಟಿಮೀಟರ್.

ಕಟ್ಟಿದ ಮೇಲೆ ಚಾಲೂ ಮಾಡುವುದೇ ಇನ್ನೊಂದು ತಪಸ್ಸು. ರೇಡಿಯೋ ಶಕ್ತಿಯನ್ನು ಒಮ್ಮೆಲೇ ತುಂಬುವಂತಿಲ್ಲ. ಚಿಕ್ಕ ಚಿಕ್ಕ ಸ್ಪಂದಗಳಲ್ಲಿ ಕೊಡುತ್ತಾರೆ, ನಿರ್ವಾತದೊಳಗೆ ಕಿಡಿ ಹಾರುತ್ತದೆ, ತಾಮ್ರದ ಮೈಯಿಂದ ಅನಿಲ ಬಿಡುಗಡೆಯಾಗುತ್ತದೆ, ನಿಲ್ಲಿಸುತ್ತಾರೆ, ಮತ್ತೆ ಕೊಡುತ್ತಾರೆ. ತಾಮ್ರ ಒಂದು ಡಿಗ್ರಿ ಬಿಸಿಯಾಗಿ ಹಿಗ್ಗಿದರೂ ಸಾಧನದ ಕಂಪನಾಂಕ ಸುಮಾರು 6 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ, ಆದ್ದರಿಂದ ತಂಪು ಮಾಡುವ ನೀರಿನ ಉಷ್ಣತೆಯ ಮೇಲೆ ಸದಾ ಕಣ್ಣಿಟ್ಟಿರಬೇಕು. ಲೆಹಿಪಾ ಹೀಗೆ ಹಂತಹಂತವಾಗಿ ಏರಿ 2023ರಲ್ಲಿ ತನ್ನ ಗುರಿಯಾದ 20 ಎಂಇವಿಯನ್ನು ಮುಟ್ಟಿತು.

ದೂರದ ಕನಸು ಥೋರಿಯಂ. ಪ್ರೋಟಾನ್ ಪುಂಜ ಭಾರಲೋಹಕ್ಕೆ ಬಡಿದು ನ್ಯೂಟ್ರಾನ್ ಹೊಮ್ಮಿಸಿ, ಆ ನ್ಯೂಟ್ರಾನ್‌ಗಳಿಂದ ಥೋರಿಯಂ ರಿಯಾಕ್ಟರ್ ನಡೆಸುವ ಯೋಜನೆಗೆ 1000 ಎಂಇವಿ ಬೇಕು. 10 ಮಿಲಿಆಂಪಿಯರ್ ಪುಂಜ ಅಷ್ಟು ಶಕ್ತಿ ಹೊತ್ತರೆ 10 ಮೆಗಾವ್ಯಾಟ್ ಆಗುತ್ತದೆ. ಯಂತ್ರದ ಬಳಿ ಮನುಷ್ಯರು ಕೈಹಾಕಿ ದುರಸ್ತಿ ಮಾಡುವಂತಿರಬೇಕಾದರೆ ಮೀಟರಿಗೆ ಒಂದು ವ್ಯಾಟ್‌ಗಿಂತ ಹೆಚ್ಚು ಸೋರಬಾರದು ಎಂಬುದು ಜಗತ್ತಿನೆಲ್ಲೆಡೆ ಪಾಲಿಸುವ ನಿಯಮ. ಅಂದರೆ ಮೀಟರಿಗೆ ಕೋಟಿ ಪ್ರೋಟಾನ್‌ಗಳಲ್ಲಿ ಒಂದು. ಆರಂಭದಲ್ಲಿ ಪುಂಜ ಹದಗೆಟ್ಟರೆ ಮುಂದೆಲ್ಲೂ ಅದನ್ನು ಸರಿಪಡಿಸಲಾಗದು. ಜಪಾನಿನ ರೊಕ್ಕಾಶೊದಲ್ಲಿ 2019ರಲ್ಲಿ 125 ಮಿಲಿಆಂಪಿಯರ್ ಡ್ಯೂಟೆರಾನ್ ಪುಂಜವನ್ನು 5 ಎಂಇವಿಗೆ ಏರಿಸಿದ್ದೂ, ಟ್ರಾಂಬೆಯ ಪ್ರೋಟಾನ್‌ಗಳು ಮೊದಲ ಓಟ ಓಡುವುದೂ ಕಾಪ್‌ಚಿನ್‌ಸ್ಕಿ ಮತ್ತು ತೆಪ್ಲ್ಯಾಕೊವ್ ಕಂಡುಕೊಂಡ ಅದೇ ವಿಧಾನದಿಂದ.