ಭಂಗಾರದ ಕಾರು, ಕಾಲು ಮೈಲಿಯ ಓಟ

ಬೀದರ ಜಿಲ್ಲೆಯ ಕಡೆ ಗುಜರಿ ಸಾಮಾನಿಗೆ ‘ಭಂಗಾರ’ವೆಂದು ಹೆಸರು. ಒಂದು ಮಹಾಪ್ರಾಣ ತಪ್ಪಿದರೆ ಅದೇ ಬಂಗಾರವಾಗುತ್ತದೆ! ಹುಮನಾಬಾದಿನಿಂದ ಸೊಲ್ಲಾಪುರದತ್ತ ಹೋಗುವ ಹೆದ್ದಾರಿಯಲ್ಲಿ, ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲೆಯ ಆಸುಪಾಸಿನಲ್ಲಿ ಲಾರಿ ರಿಪೇರಿಯ ಕಸುಬು ನೆಲೆಯೂರಿದೆ. ಅಲ್ಲಿನ ಮಿಸ್ತ್ರಿಗಳ ಕೈಗೆ ಮುರಿದ ವಾಹನವನ್ನು ಎಬ್ಬಿಸುವುದು ಹೊಸ ಮಾತಲ್ಲ. ಹಾಗಿರುವಾಗ, ಮೂಲೆಗೆ ಬಿದ್ದ ಹಳೆಯ ಕಾರನ್ನು ತಂದು ಓಟದ ಕಾರಾಗಿ ಮಾಡಬೇಕೆಂಬ ಹುಮ್ಮಸ್ಸು ತಮ್ಮ ಮನೆಯ ಹುಡುಗನಿಗೂ ಬಂದೀತು. ಬಂದರೆ ಬೈಯಬೇಡಿ, ಆದರೆ ಅದರ ಒಳಗುಟ್ಟನ್ನು ಅವನೊಡನೆ ತಾವೂ ತಿಳಿದಿರಬೇಕು.

ಇಬ್ಬರು ಅಕ್ಕಪಕ್ಕ ನಿಂತು, ನಿಂತಲ್ಲಿಂದಲೇ ಹೊರಟು, ನೇರ ದಾರಿಯಲ್ಲಿ ಕಾಲು ಮೈಲಿ, ಎಂದರೆ 402 ಮೀಟರು, ಮೊದಲು ಮುಟ್ಟುವ ಪಂದ್ಯಕ್ಕೆ ‘ಡ್ರ್ಯಾಗ್ ರೇಸ್’ ಎನ್ನುತ್ತಾರೆ. ಇದು ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಅಲ್ಲಿಯ ತರುಣರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡು ಕಿತ್ತು, ದೊಡ್ಡ ಎಂಜಿನ್ನು ಕೂಡಿಸಿ, ಊರ ಬೀದಿಗಳಲ್ಲೇ ಓಡಿಸುತ್ತಿದ್ದರು. ಸಾವುನೋವು ಕಂಡು ಊರವರು ರೇಗಿದರು. 1950ರಲ್ಲಿ ಸಾಂತಾ ಆನಾ ಎಂಬಲ್ಲಿ ವಿಮಾನನಿಲ್ದಾಣದ ಓಡುದಾರಿಯ ಮೇಲೆ ಈ ಪಂದ್ಯಕ್ಕೆ ಎಡೆ ದೊರೆಯಿತು. ಮರುವರ್ಷ ವಾಲಿ ಪಾರ್ಕ್ಸ್ ಎಂಬಾತ ಇದಕ್ಕಾಗಿ ಒಂದು ರಾಷ್ಟ್ರೀಯ ಸಂಘವನ್ನೇ ಕಟ್ಟಿದ. ನಮ್ಮ ದೇಶದಲ್ಲಿಯೂ ಮದರಾಸಿನ ಬಳಿಯ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ, ದಶಕಗಳ ಕಾಲ ಮೋಟಾರು ಪಂದ್ಯಗಳು ನಡೆದವು. ಆಮದು ದುರ್ಲಭವಾಗಿದ್ದ ಆ ದಿನಗಳಲ್ಲಿ ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಮುಂತಾದ ಊರ ಕಾರುಗಳನ್ನೇ ತಿದ್ದಿ ತೀಡಿ ಅಲ್ಲಿ ಓಡಿಸುತ್ತಿದ್ದರು.

ಇನ್ನು ಕಟ್ಟುವ ಬಗೆ. ಹಳೆಯ ಪ್ರೀಮಿಯರ್ ಪದ್ಮಿನಿಯೊಂದು ಸಿಕ್ಕಿತೆನ್ನೋಣ. ಅದರ ಎಂಜಿನ್ನು 1089 ಸಿ.ಸಿ.ಯದು, ಎಳೆತ ಹಿಂದಿನ ಗಾಲಿಗಳಿಗೆ. ಇದು ಅನುಕೂಲ. ಹೊರಡುವ ಕ್ಷಣದಲ್ಲಿ ಕಾರಿನ ಭಾರ ಹಿಂದಕ್ಕೆ ವಾಲಿ, ಆ ಗಾಲಿಗಳನ್ನು ನೆಲಕ್ಕೆ ಒತ್ತುತ್ತದೆಯಷ್ಟೆ. ಎಂಜಿನ್ನಿಗೆ ಕೈಹಾಕುವ ಮೊದಲು ತೂಕ ಇಳಿಸುವುದು ಅಗ್ಗದ ಉಪಾಯ. 900 ಕಿಲೋದ ಕಾರು 720ಕ್ಕೆ ಇಳಿದರೆ, ಅದೇ ಶಕ್ತಿಯಲ್ಲಿ ಅದು ಕಾಲು ಪಾಲು ಹೆಚ್ಚು ಚುರುಕಾಗಿ ವೇಗವೇರುತ್ತದೆ.

ಇಲ್ಲಿಯೇ ಹುಡುಗರು ಎಡವುವುದು. ಲಾರಿಗೆ ಕೆಳಗೆ ಚಾಸಿಸ್ ಬೇರೆ, ಮೇಲೆ ಬಾಡಿ ಬೇರೆ. ಬಾಡಿಯನ್ನು ಪೂರಾ ಬಿಚ್ಚಿದರೂ ಚಾಸಿಸ್ ಗಟ್ಟಿಯಾಗಿಯೇ ಇರುತ್ತದೆ. ಪದ್ಮಿನಿಗೆ ಹಾಗಲ್ಲ. ಅದರ ತಗಡೇ ಅದರ ಎಲುಬು. ಛಾವಣಿ, ಬಾಗಿಲ ಕಂಬಗಳನ್ನು ಕೊಯ್ದರೆ ಇಡೀ ಕಾರು ನಡುವಿನಲ್ಲಿ ಬಾಗುತ್ತದೆ. ಲಾರಿಯ ಅಭ್ಯಾಸದ ಮೇಲೆ ಕಟರ್ ಹಿಡಿದವನಿಗೆ ಇದು ಹೊಳೆಯದೆ ಹೋಗಬಹುದು. ಆದ್ದರಿಂದ ಸೀಟು, ಗಾಜು, ಬಂಪರು ತೆಗೆಯಿರಿ, ಕಂಬಗಳನ್ನು ಮುಟ್ಟಬೇಡಿ. ತುಕ್ಕು ತಿಂದ ಕಡೆಗೆ ಹೊಸ ತಗಡು ಬೆಸೆದು, ಒಳಗೆ ಉಕ್ಕಿನ ಕೊಳವೆಗಳ ಪಂಜರ ಕಟ್ಟಿಸಬೇಕು. ಕಾರು ಮಗುಚಿದಾಗ ಚಾಲಕನ ತಲೆ ಕಾಯುವುದು ಆ ಪಂಜರವೇ. ನೀರಿನ ಪೈಪು ಈ ಕೆಲಸಕ್ಕೆ ಬಾರದು.

ಬ್ರೇಕಿನ ಲೆಕ್ಕ ಇನ್ನೂ ಕಠಿನ. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಒಣ ಡಾಂಬರಿನ ಮೇಲೆ ಗಂಟೆಗೆ 60 ಕಿಲೋಮೀಟರಿನ ಕಾರು ಬ್ರೇಕು ಹಿಡಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಂತರೆ, 120ರದು ನಿಲ್ಲಲು 80 ಮೀಟರು ಬೇಕು. ಇದು ಹೊಸ ಬ್ರೇಕಿನ ಮಾತು. ವರ್ಷಗಟ್ಟಲೆ ಮಳೆಯಲ್ಲಿ ನಿಂತ ಕಾರಿನ ಬ್ರೇಕಿನ ಸಿಲಿಂಡರು, ರಬ್ಬರು, ಪೈಪುಗಳೆಲ್ಲವನ್ನೂ ಬದಲಿಸದೆ ಎಂಜಿನ್ನನ್ನು ಚಾಲೂ ಮಾಡುವುದೂ ಬೇಡವೆಂದು ನನ್ನ ಅಭಿಪ್ರಾಯ.

ಓಡಿಸುವುದೆಲ್ಲಿ? ಹುಮನಾಬಾದಿನ ಹೆದ್ದಾರಿ ನೇರವಾಗಿ, ನುಣುಪಾಗಿ ಆಸೆ ಹುಟ್ಟಿಸುತ್ತದೆ, ನಿಜ. ಆದರೆ ಅದೇ ದಾರಿಯಲ್ಲಿ ಕಬ್ಬಿನ ಟ್ರಾಕ್ಟರು ದೀಪವಿಲ್ಲದೆ ಅಡ್ಡ ಬರುತ್ತದೆ, ದನ ದಾಟುತ್ತದೆ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಹೂಡುವುದು 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೇ ಮೂರು ತಿಂಗಳವರೆಗಿನ ಸಜೆ, ಇಲ್ಲವೆ 5000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಕಾರಿನ ಮೂಲ ರಚನೆಯನ್ನು ಮನಬಂದಂತೆ ಬದಲಿಸಿ ರಸ್ತೆಗಿಳಿಸುವುದನ್ನು 52ನೆಯ ಕಲಮು ತಡೆಯುತ್ತದೆ. ಬೀದರಿನಲ್ಲಿ ಉದ್ದನೆಯ ವಿಮಾನಪಟ್ಟಿಯೇನೋ ಉಂಟು. ಆದರೆ ಅದು ವಾಯುಪಡೆಯದು, ನಮಗೆ ಎಟುಕದು. ಉಳಿದ ದಾರಿ ಒಂದೇ: ಮೋಟಾರು ಕ್ರೀಡಾ ಸಂಘದವರು ದಾರಿ ಮುಚ್ಚಿಸಿ, ಆಂಬುಲೆನ್ಸು ನಿಲ್ಲಿಸಿ, ಗೆರೆ ದಾಟಿದ ಮೇಲೆ ನಿಲ್ಲಲು ಸಾಕಷ್ಟು ಜಾಗ ಬಿಟ್ಟು ನಡೆಸುವ ಪಂದ್ಯಕ್ಕೆ ಹೆಸರು ಕೊಡುವುದು. ಅಲ್ಲಿಗೆ ಕಾರು ತನ್ನ ಗಾಲಿಯ ಮೇಲೆ ಹೋಗಬಾರದು, ಟೆಂಪೋದ ಮೇಲೆ ಹೇರಿಕೊಂಡು ಹೋಗಬೇಕು. ಹೆಲ್ಮೆಟ್ಟು, ಬೆಂಕಿ ಆರಿಸುವ ಸಿಲಿಂಡರುಗಳನ್ನೂ ಅದರಲ್ಲೇ ಇಟ್ಟುಕೊಳ್ಳಿ. ಪಂದ್ಯಕ್ಕೆ ಮೊದಲು ಪರೀಕ್ಷಕರು ಪಂಜರದ ಬೆಸುಗೆಯ ಜೊತೆಗೆ ಅವನ್ನೂ ಕೇಳುತ್ತಾರೆ.