ಕೆಸುವನ್ನು ಅಣ್ಣ ಎನ್ನುವವರ ತೋಟ

ಹವಾಯಿಯ ಮೂಲನಿವಾಸಿಗಳಿಗೆ ಕೆಸು ಬರೀ ಗಡ್ಡೆಯಲ್ಲ, ಒಡಹುಟ್ಟಿದ ಅಣ್ಣ. ಆಕಾಶದೇವ ವಾಕೇಆನ ಮೊದಲ ಮಗು ಉಳಿಯಲಿಲ್ಲವಂತೆ. ಅದನ್ನು ಮಣ್ಣು ಮಾಡಿದ ಜಾಗದಲ್ಲಿ ಕೆಸು ಚಿಗುರಿತು. ಆಮೇಲೆ ಹುಟ್ಟಿದ ಹಾಲೋಆ ಮನುಷ್ಯಕುಲದ ಮೂಲಪುರುಷ. ಅಣ್ಣ ಅನ್ನ ಕೊಡುತ್ತಾನೆ, ತಮ್ಮ ಅವನ ಆರೈಕೆ ಮಾಡಬೇಕು. ಕೆಸುವಿನ ಮಗ್ಗುಲಲ್ಲಿ ಒಡೆಯುವ ಮರಿಗೆ ಅವರ ಮಾತಿನಲ್ಲಿ ‘ಓಹಾ’, ಕುಟುಂಬಕ್ಕೆ ‘ಓಹಾನ’. ‘ವಂಶದ ಕುಡಿ’ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಅಣ್ಣನ ಜಾಡು ಹಿಡಿದೇ ನಾನು ಕೋನಾ ಸೀಮೆಯ ಏಮಿ ಗ್ರೀನ್‌ವೆಲ್ ತೋಟದ ಕತೆಗೆ ಬಂದೆ. ಹವಾಯಿ ದ್ವೀಪದ ಕ್ಯಾಪ್ಟನ್ ಕುಕ್ ಎಂಬ ಊರಿನಲ್ಲಿರುವ 15 ಎಕರೆ ಜಾಗ ಅದು. ಗಿಡಗಳ ಬೆನ್ನು ಹತ್ತಿದ್ದ ಏಮಿ ತೀರಿಕೊಂಡಾಗ, 1974ರಲ್ಲಿ, ತೋಟ ಬಿಷಪ್ ಮ್ಯೂಸಿಯಂಗೆ ಸೇರಿತು. 2016ರಲ್ಲಿ ಬಾಗಿಲು ಮುಚ್ಚಿತು. ಊರವರು ಸುಮ್ಮನೆ ಕೂರಲಿಲ್ಲ. ಗೆಳೆಯರ ಬಳಗ ಕಟ್ಟಿ ತೋಟವನ್ನು ತಮ್ಮದಾಗಿಸಿಕೊಂಡರು. ಈಗ ಕಳೆ ಕೀಳುವ ಕೈಗಳಲ್ಲಿ ಹೆಚ್ಚಿನವು ಸ್ವಯಂಸೇವಕರವು.

ಇಲ್ಲಿ ಗದ್ದೆ ನೀರಿಲ್ಲ, ಲಾವಾ ಕಲ್ಲಿನ ನೆಲದಲ್ಲಿ ಮಳೆಯನ್ನೇ ನಂಬಿದ ಬೇಸಾಯ. ಬೆಟ್ಟದಿಂದ ಕಡಲ ಕಡೆಗೆ ಇಳಿಯುವ ಹಳೆಯ ಕಲ್ಲುಗೋಡೆಗಳ ತುಣುಕುಗಳು ಇನ್ನೂ ಇವೆ. ಅವಕ್ಕೆ ‘ಕುಆಇವಿ’, ಎಂದರೆ ಬೆನ್ನುಮೂಳೆ, ಎಂದು ಹೆಸರು. ದೋಣಿಯಲ್ಲಿ ಪೂರ್ವಿಕರು ತಂದ ಜೀಗುಜ್ಜೆ, ಅರಿಶಿನ, ಕಬ್ಬು ಒಂದೆಡೆ. ಮನುಷ್ಯ ಬರುವ ಮೊದಲೇ ಅಲ್ಲಿದ್ದ ಗಿಡಗಳು ಇನ್ನೊಂದೆಡೆ. ಅವುಗಳಲ್ಲಿ ‘ಮಾಓ’ ಎಂಬ ಕಾಡುಹತ್ತಿಯನ್ನು ಹೇಳಲೇಬೇಕು. ಅದರ ಎಲೆಯಲ್ಲಿ ಮಕರಂದ ಒಸರುವುದಿಲ್ಲ, ಹಾಗಾಗಿ ಕೀಟಗಳಿಗೆ ಅದರ ಮೇಲೆ ಆಸೆ ಕಡಿಮೆ. ತಳಿ ವಿಜ್ಞಾನಿಗಳು ಆ ಗುಣವನ್ನು ಹೊಲದ ಹತ್ತಿಗೆ ಎರವಲು ತಂದರು.

ಮತ್ತೆ ಕೆಸುವಿಗೆ ಬರುತ್ತೇನೆ. ಗಡ್ಡೆ ಕಿತ್ತ ಮೇಲೆ ಅದರ ನೆತ್ತಿಯನ್ನು ತೆಳ್ಳಗೆ, ದಂಟಿನ ಬುಡ ಸೇರಿಸಿ ಕೊಯ್ಯುತ್ತಾರೆ. ಎಲೆ ಸವರಿ, ಗೇಣುದ್ದ ದಂಟು ಉಳಿಸಿ, ಅದನ್ನೇ ಮತ್ತೆ ನೆಲಕ್ಕೆ ಊರುತ್ತಾರೆ. ಅವರ ಮಾತಿನಲ್ಲಿ ಅದರ ಹೆಸರು ‘ಹುಲಿ’. ಉಳಿದ ಗಡ್ಡೆ ಒಲೆಗೆ. ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ, ಪತ್ರೊಡೆ ತಿಂದವರಿಗೆ ಗೊತ್ತು. ಬೀಜವಲ್ಲದ್ದರಿಂದ ಇದು ಹೊಸ ಗಿಡವೂ ಅಲ್ಲ. ಮೊದಲ ದೋಣಿಯಲ್ಲಿ ಬಂದ ಗಿಡವೇ ಕೈಯಿಂದ ಕೈಗೆ ಇಂದಿನವರೆಗೆ ನಡೆದು ಬಂದಿದೆ.

2002ರಲ್ಲಿ ಹವಾಯಿ ವಿಶ್ವವಿದ್ಯಾಲಯ ಮೂರು ಮಿಶ್ರತಳಿ ಕೆಸುಗಳಿಗೆ ಪೇಟೆಂಟ್ ಪಡೆದಾಗ ಜನ ಸಿಡಿದೆದ್ದದ್ದು ಇದಕ್ಕೇ. ಅಣ್ಣನಿಗೆ ಒಡೆಯನೇ? 2006ರಲ್ಲಿ ವಿಶ್ವವಿದ್ಯಾಲಯ ಪೇಟೆಂಟ್ ಕೈಬಿಟ್ಟಿತು.

ಒಂದು ಕಾಲಕ್ಕೆ ಹೆಸರಿಟ್ಟು ಗುರುತಿಸುತ್ತಿದ್ದ ತಳಿಗಳು ಸುಮಾರು 300. ಈಗ ನೂರೂ ಉಳಿದಿಲ್ಲ. ಹಳೆಯ ಪಟ್ಟಿಗಳಲ್ಲಿ ಹೆಸರುಗಳೇನೋ ಇವೆ. ಆ ಹೆಸರು ಹಿಡಿದು ಕರೆದರೆ ಓಗೊಡುವ ಗಿಡಗಳಿಲ್ಲ.